ಭೇದಿಯಾದಾಗ ನೀರು ನಿಲ್ಲಿಸಬಾರದು

ಮಕ್ಕಳೇ, ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಎರಡು ವರ್ಷದ ತಮ್ಮನೋ ತಂಗಿಯೋ ಇದೆ ಎಂದುಕೊಳ್ಳಿ. ಬೆಳಗಿನಿಂದ ಮಗುವಿಗೆ ನೀರು ನೀರಾಗಿ ಭೇದಿಯಾಗುತ್ತಿದೆ. ಬಾಯಾರಿಕೆಯಿಂದ ಮಗು ಅಳುತ್ತಿದೆ. ಆಗ ಅದಕ್ಕೆ ಕುಡಿಯಲು ಕೊಡಬೇಕೇ, ಬೇಡವೇ?

"ಬೇಡ. ಕುಡಿಸಿದಷ್ಟೂ ಹೊರಗೆ ಹೋಗುತ್ತದೆ. ಹೊಟ್ಟೆಗೆ ವಿಶ್ರಾಂತಿ ಕೊಡಿ" ಎನ್ನುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಮಗುವಿನ ಮೇಲೆ ಪ್ರೀತಿ ಇಲ್ಲದೆ ಅವರು ಹಾಗೆ ಹೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಹೇಳುತ್ತಾರೆ. ಆದರೂ ಆ ಮಾತು ತಪ್ಪು. ಬರೀ ತಪ್ಪಲ್ಲ, ಅಪಾಯಕಾರಿ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ನೀಡಿದ ಅಂದಾಜಿನಂತೆ, ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ಪ್ರತಿ ವರ್ಷ ಜಗತ್ತಿನಲ್ಲಿ ಭೇದಿಯಿಂದ ಸಾಯುತ್ತಾರೆ. ಇವರಲ್ಲಿ ಬಹಳಷ್ಟು ಮಕ್ಕಳ ಪ್ರಾಣ ಹೋಗುವುದು ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ.

ಭೇದಿಯಾದಾಗ ನೀರನ್ನೂ ಊಟವನ್ನೂ ನಿಲ್ಲಿಸಬಾರದು. ಉಪ್ಪು-ಸಕ್ಕರೆ ಬೆರೆಸಿದ ನೀರನ್ನು ಸರಿಯಾದ ಅಳತೆಯಲ್ಲಿ ತಯಾರಿಸಲು ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಬರಬೇಕು. ಇದು ನನ್ನ ಅಭಿಪ್ರಾಯ. ನಾನು ಹೇಳಿದೆನೆಂದು ನೀವು ಇದನ್ನು ಒಪ್ಪಬೇಕಾಗಿಲ್ಲ. ನಿಮ್ಮ ಹೊಟ್ಟೆಯಲ್ಲಿರುವ ಸಣ್ಣ ಕರುಳು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಆಮೇಲೆ ನೀವೇ ತೀರ್ಮಾನಿಸಿ.

ಆರು ಮೀಟರ್ ಉದ್ದದ ಕೊಳವೆ

ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿರುತ್ತದೆ. ನಿಮ್ಮ ತರಗತಿಯ ಒಂದು ಗೋಡೆಯಿಂದ ಎದುರಿನ ಗೋಡೆಯವರೆಗೆ ಅಳೆದು ನೋಡಿ, ಹೆಚ್ಚುಕಡಿಮೆ ಅಷ್ಟೇ ಇರಬಹುದು. ಇಷ್ಟು ಉದ್ದವಿದ್ದರೂ ಅದನ್ನು ಸಣ್ಣ ಕರುಳು ಎನ್ನುವುದೇಕೆ? ಅದರ ಅಗಲ ಸುಮಾರು 2.5 ಸೆಂಟಿಮೀಟರ್ ಮಾತ್ರ. ದೊಡ್ಡ ಕರುಳು ಉದ್ದದಲ್ಲಿ ಚಿಕ್ಕದು, ಅಗಲದಲ್ಲಿ ದೊಡ್ಡದು.

ಜಠರದಲ್ಲಿ ಅರೆದ ಹಿಟ್ಟಿನಂತಾದ ಆಹಾರ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತಜನಕಾಂಗದಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಜೀರ್ಣರಸವೂ ಬಂದು ಸೇರುತ್ತವೆ. ಕರುಳಿನ ಗೋಡೆಯೂ ತನ್ನ ರಸವನ್ನು ಸುರಿಸುತ್ತದೆ. ನೀವು ತಿಂದ ಮುದ್ದೆ, ಅನ್ನ, ರೊಟ್ಟಿಯ ಪಿಷ್ಟ ಕೊನೆಗೆ ಗ್ಲೂಕೋಸ್ ಆಗುತ್ತದೆ. ಬೇಳೆ, ಮೊಟ್ಟೆಗಳ ಪ್ರೋಟೀನು ಅಮೈನೋ ಆಮ್ಲಗಳಾಗುತ್ತದೆ. ಎಣ್ಣೆ, ತುಪ್ಪಗಳ ಕೊಬ್ಬು ಕೂಡ ಸಣ್ಣ ಕಣಗಳಾಗಿ ಒಡೆಯುತ್ತದೆ.

ಒಡೆದರೆ ಸಾಲದು, ಅವು ರಕ್ತವನ್ನು ಸೇರಬೇಕು. ಅದಕ್ಕಾಗಿ ಸಣ್ಣ ಕರುಳಿನ ಒಳಗೋಡೆಯ ತುಂಬ ಬೆರಳಿನಾಕಾರದ ಅತಿ ಸಣ್ಣ ಚಾಚಿಕೆಗಳಿವೆ. ಇವೇ ವಿಲ್ಲೈ. ಒಂದೊಂದರ ಎತ್ತರ ಸುಮಾರು ಅರ್ಧದಿಂದ ಒಂದು ಮಿಲಿಮೀಟರ್. ಪ್ರತಿಯೊಂದರ ಒಳಗೂ ತೆಳುವಾದ ರಕ್ತನಾಳಗಳಿವೆ. ವಿಲ್ಲೈಗಳ ಮೇಲಿನ ಜೀವಕೋಶಗಳಿಗೂ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಇನ್ನೂ ಚಿಕ್ಕ ಚಾಚಿಕೆಗಳಿವೆ.

ಇಷ್ಟೊಂದು ಚಾಚಿಕೆಗಳು ಏಕೆ? ನೀವೇ ಮಾಡಿ ನೋಡಿ. ಒಂದೇ ಅಳತೆಯ ಎರಡು ಬಟ್ಟೆಗಳನ್ನು ತೆಗೆದುಕೊಳ್ಳಿ. ಒಂದು ತೆಳುವಾದ ನುಣುಪು ಬಟ್ಟೆಯಾಗಿರಲಿ, ಇನ್ನೊಂದು ದಾರದ ಎಳೆಗಳು ಎದ್ದಿರುವ ಟರ್ಕಿ ಟವೆಲ್ ಆಗಿರಲಿ. ಎರಡನ್ನೂ ನೀರಿನಲ್ಲಿ ಅದ್ದಿ, ಬೇರೆ ಬೇರೆ ಲೋಟಗಳಿಗೆ ಹಿಂಡಿ. ಟವೆಲಿನಿಂದ ಬರುವ ನೀರೇ ಹೆಚ್ಚು. ಮೇಲ್ಮೈ ಹೆಚ್ಚಿದಷ್ಟೂ ಹೀರುವ ಶಕ್ತಿ ಹೆಚ್ಚುತ್ತದೆ.

ಸಣ್ಣ ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಆಗುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತದೆ. 2014ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಮತ್ತೆ ಅಳತೆ ಮಾಡಿ, ಅದು ಸುಮಾರು 30 ಚದರ ಮೀಟರ್, ಎಂದರೆ ಅರ್ಧ ಬ್ಯಾಡ್ಮಿಂಟನ್ ಅಂಗಳದಷ್ಟು ಎಂದು ತಿಳಿಸಿದರು. ವಿಜ್ಞಾನದಲ್ಲಿ ಹೀಗೆಯೇ, ಮತ್ತೆ ಅಳೆದಾಗ ಹಳೆಯ ಲೆಕ್ಕ ತಿದ್ದಲ್ಪಡುತ್ತದೆ. ಅರ್ಧ ಬ್ಯಾಡ್ಮಿಂಟನ್ ಅಂಗಳವಾದರೂ ಹೊಟ್ಟೆಯೊಳಗೆ ಮಡಚಿ ಇಟ್ಟಿರುವುದು ಸೋಜಿಗವಲ್ಲವೇ?

ದಿನಕ್ಕೆ ಒಂಬತ್ತು ಲೀಟರ್

ಈಗ ಒಂದು ಲೆಕ್ಕ. ದೊಡ್ಡವರು ಒಂದು ದಿನಕ್ಕೆ ಕುಡಿಯುವ ಮತ್ತು ಊಟದ ಜೊತೆ ಸೇವಿಸುವ ನೀರು ಸುಮಾರು 2 ಲೀಟರ್. ಆದರೆ ಸಣ್ಣ ಕರುಳಿಗೆ ಬರುವ ದ್ರವ ಸುಮಾರು 9 ಲೀಟರ್! ಉಳಿದ 7 ಲೀಟರ್ ಎಲ್ಲಿಂದ ಬಂತು? ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನ ರಸ, ಇವೆಲ್ಲ ನಮ್ಮ ದೇಹವೇ ಸುರಿಸುವ ನೀರು.

ಈ 9 ಲೀಟರಿನಲ್ಲಿ ಹೆಚ್ಚಿನ ಪಾಲನ್ನು ಸಣ್ಣ ಕರುಳೇ ಹೀರಿ ರಕ್ತಕ್ಕೆ ಹಿಂತಿರುಗಿಸುತ್ತದೆ. ಒಂದೂವರೆ ಲೀಟರಿನಷ್ಟು ಮಾತ್ರ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿಯೂ ಬಹುಪಾಲು ಹೀರಲ್ಪಟ್ಟು, ಕೊನೆಗೆ ಮಲದ ಜೊತೆ ಹೊರಹೋಗುವುದು 100ರಿಂದ 200 ಮಿಲಿಲೀಟರ್, ಎಂದರೆ ಹೆಚ್ಚೆಂದರೆ ಒಂದು ಲೋಟ ನೀರು.

ಹೀಗೆ ಸಣ್ಣ ಕರುಳು ಎರಡು ಕೆಲಸ ಮಾಡುತ್ತದೆ. ಒಂದು ಕಡೆ ನೀರನ್ನು ಸುರಿಸುತ್ತದೆ, ಇನ್ನೊಂದು ಕಡೆ ಹೀರುತ್ತದೆ. ಆರೋಗ್ಯವಿದ್ದಾಗ ಸುರಿಯುವುದಕ್ಕಿಂತ ಹೀರುವುದೇ ಹೆಚ್ಚು. ಈ ಲೆಕ್ಕ ತಿರುಗುಮುರುಗಾದರೆ ಅದೇ ಭೇದಿ.

ಲೆಕ್ಕ ತಪ್ಪಿಸುವ ವಿಷ

ಭೇದಿಗಳಲ್ಲೆಲ್ಲ ಭೀಕರವಾದದ್ದು ಕಾಲರಾ. ಕಾಲರಾ ಬ್ಯಾಕ್ಟೀರಿಯಾ ಕೊಳೆನೀರಿನ ಮೂಲಕ ಹೊಟ್ಟೆ ಸೇರಿ ಸಣ್ಣ ಕರುಳಿನಲ್ಲಿ ನೆಲೆಸುತ್ತದೆ. ರೋಗ ತೀವ್ರವಾದಾಗ ದೊಡ್ಡವರ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಬಹುದು. ಇದು ಹೇಗೆ ಆಗುತ್ತದೆ ಎಂಬುದು ಬಹಳ ಕಾಲ ಸ್ಪಷ್ಟವಾಗಿರಲಿಲ್ಲ. ಕಾಲರಾ ಕರುಳಿನ ಒಳಪದರವನ್ನೇ ಕಿತ್ತು ಹಾಕುತ್ತದೆ ಎಂದು ಅನೇಕರು ನಂಬಿದ್ದರು.

ಉತ್ತರ ದೊರೆತದ್ದು ನಮ್ಮ ದೇಶದಲ್ಲಿ. ಕಲ್ಕತ್ತದ ವಿಜ್ಞಾನಿ ಶಂಭುನಾಥ ದೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಅದರೊಳಗೆ ಕಾಲರಾ ಬ್ಯಾಕ್ಟೀರಿಯಾಗಳನ್ನು ಬಿಟ್ಟು ಪರೀಕ್ಷಿಸಿದರು. ಆ ತುಂಡಿನಲ್ಲಿ ನೀರು ತುಂಬಿ ಅದು ಉಬ್ಬಿತು. ಬಳಿಕ ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆದು, ಉಳಿದ ದ್ರವವನ್ನು ಮಾತ್ರ ಹಾಕಿದರು. ಆಗಲೂ ನೀರು ತುಂಬಿತು! ಬ್ಯಾಕ್ಟೀರಿಯಾ ಸ್ರವಿಸುವ ಒಂದು ವಿಷವೇ ಕರುಳಿನಿಂದ ನೀರು ಸುರಿಯುವಂತೆ ಮಾಡುತ್ತದೆ ಎಂದು ಇದರಿಂದ ತಿಳಿಯಿತು. 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾಯಿತು.

ಈ ವಿಷ ವಿಲ್ಲೈಗಳನ್ನು ಕೊಲ್ಲುವುದಿಲ್ಲ. ಸುರಿಸುವ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಂತೆ ಮಾಡುತ್ತದೆ. ಉಪ್ಪನ್ನು ಹೀರುವ ಕೆಲವು ದಾರಿಗಳನ್ನು ಮುಚ್ಚುತ್ತದೆ. ಆದರೆ ಒಂದು ಬಾಗಿಲನ್ನು ಮಾತ್ರ ಅದಕ್ಕೆ ಮುಚ್ಚಲು ಆಗುವುದಿಲ್ಲ.

ಜೋಡೆತ್ತಿನ ಬಾಗಿಲು

ಆ ಬಾಗಿಲು ಯಾವುದು? 1960ರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಒಂದು ವಿಚಾರವನ್ನು ಮುಂದಿಟ್ಟರು. ಸಣ್ಣ ಕರುಳಿನ ಜೀವಕೋಶದೊಳಗೆ ಗ್ಲೂಕೋಸ್ ಒಂಟಿಯಾಗಿ ಹೋಗುವುದಿಲ್ಲ, ಸೋಡಿಯಂ ಜೊತೆಗೂಡಿ ಹೋಗುತ್ತದೆ ಎಂದು ಅವರು ಹೇಳಿದರು. ನಾವು ತಿನ್ನುವ ಉಪ್ಪಿನಲ್ಲಿರುವುದು ಇದೇ ಸೋಡಿಯಂ.

ಜೋಡೆತ್ತಿನ ಗಾಡಿಯನ್ನು ನೀವು ನೋಡಿದ್ದೀರಿ. ನೊಗಕ್ಕೆ ಒಂದೇ ಎತ್ತು ಕಟ್ಟಿದರೆ ಗಾಡಿ ಸಾಗದು. ಎರಡನ್ನೂ ಕಟ್ಟಿದರೆ ಸಲೀಸಾಗಿ ಎಳೆಯುತ್ತವೆ. ಇಲ್ಲಿ ಗ್ಲೂಕೋಸ್ ಒಂದು ಎತ್ತು, ಸೋಡಿಯಂ ಇನ್ನೊಂದು ಎತ್ತು. ಎರಡೂ ಜೊತೆಯಾಗಿ ಕರುಳಿನ ಗೋಡೆಯನ್ನು ದಾಟಿದಾಗ, ಹಿಂದೆ ಗಾಡಿಯಂತೆ ನೀರೂ ಸಾಗುತ್ತದೆ. ಕಾಲರಾದಲ್ಲಿ ಕೂಡ ಈ ಬಾಗಿಲು ತೆರೆದೇ ಇರುತ್ತದೆ.

ಬರೀ ನೀರು ಕುಡಿದರೆ ಸಾಲದೇಕೆ ಎಂಬುದು ಈಗ ಗೊತ್ತಾಯಿತೇ? ಅದು ಎತ್ತುಗಳಿಲ್ಲದ ಗಾಡಿ. ಜೊತೆಗೆ, ಭೇದಿಯಲ್ಲಿ ಹೋದ ಉಪ್ಪು ಅದರಿಂದ ದೇಹಕ್ಕೆ ಮರಳುವುದಿಲ್ಲ. ಉಪ್ಪು, ಸಕ್ಕರೆ ಎರಡೂ ಸರಿಯಾದ ಪ್ರಮಾಣದಲ್ಲಿ ನೀರಿನ ಜೊತೆ ಇರಬೇಕು. ಸಕ್ಕರೆಯನ್ನು ಕರುಳು ಒಡೆದಾಗ ಗ್ಲೂಕೋಸ್ ಸಿಗುತ್ತದೆ.

1971: ಬನಗಾಂವ್ ಶಿಬಿರ

1968ರಲ್ಲಿ ಢಾಕಾ ನಗರದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ವೈದ್ಯರು ಇಂಥ ದ್ರಾವಣವನ್ನು ಕಾಲರಾ ರೋಗಿಗಳಿಗೆ ಕುಡಿಸಿ ಯಶಸ್ಸು ಕಂಡರು. ಆದರೆ ಅದು ಆಸ್ಪತ್ರೆಯೊಳಗಿನ ಮಾತು. ವೈದ್ಯರು, ದಾದಿಯರು ಸಾಲದ ಕಡೆ ಇದು ನಡೆದೀತೇ?

ಮೂರೇ ವರ್ಷಗಳಲ್ಲಿ ಆ ಪರೀಕ್ಷೆಯ ಕಾಲ ಬಂತು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧ ನಡೆದಾಗ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಕೆಲಸ ಮಾಡುತ್ತಿದ್ದರು. ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ರೋಗಿಗಳು ನೆಲದ ಮೇಲೂ ಮಲಗಿದ್ದರು.

ಆಗ ಅವರು ಒಂದು ದಿಟ್ಟ ನಿರ್ಧಾರ ಕೈಗೊಂಡರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ, ಈ ಪ್ರಮಾಣದಲ್ಲಿ ಪುಡಿಯನ್ನು ಬೆರೆಸಿ ಪೊಟ್ಟಣ ಕಟ್ಟಿಸಿದರು. ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಟ್ಟರು. ರೋಗಿಗಳ ಅಮ್ಮ, ಅಣ್ಣ, ಅಕ್ಕಂದಿರೇ ಲೋಟದಲ್ಲಿ ಹಿಡಿದು ತಂದು ಕುಡಿಸಿದರು. ಹೀಗೆ ಚಿಕಿತ್ಸೆ ಪಡೆದವರು 3,000ಕ್ಕೂ ಹೆಚ್ಚು. ಶಿಬಿರದಲ್ಲಿ ನೂರು ರೋಗಿಗಳಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದ ಸ್ಥಿತಿ ಇತ್ತು. ಅದು ನೂರಕ್ಕೆ 3.6ಕ್ಕೆ ಇಳಿಯಿತು.

ಮನೆಯವರ ಕೈಯಿಂದಲೇ ಈ ಚಿಕಿತ್ಸೆ ನಡೆಯಬಲ್ಲದು ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಇಂದು ನಾವು ಓ.ಆರ್.ಎಸ್. ಎಂದು ಕರೆಯುವ ಪೊಟ್ಟಣದ ಕಥೆ ಇದು. ಮಹಾಲನೋಬಿಸ್ 2022ರಲ್ಲಿ ನಿಧನರಾದರು. 2023ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು. 1980ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿ ಭೇದಿಯಿಂದ ಸಾಯುತ್ತಿದ್ದ ಚಿಕ್ಕ ಮಕ್ಕಳ ಸಂಖ್ಯೆ ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಆ ಸಂಖ್ಯೆಯನ್ನು ಇಂದಿನ ಸಂಖ್ಯೆಯೊಡನೆ ಹೋಲಿಸಿ ನೋಡಿ. ಶುದ್ಧ ನೀರು, ಶೌಚಾಲಯ, ಲಸಿಕೆ, ಒಳ್ಳೆಯ ಆಹಾರ, ಇವೆಲ್ಲದರ ಜೊತೆ ಈ ಪುಟ್ಟ ಪೊಟ್ಟಣಕ್ಕೂ ಆ ಇಳಿಕೆಯಲ್ಲಿ ದೊಡ್ಡ ಪಾಲಿದೆ.

ಜನರ ಸಂದೇಹಗಳು

"ಓ.ಆರ್.ಎಸ್. ಕುಡಿಸಿದರೂ ಭೇದಿ ನಿಲ್ಲಲಿಲ್ಲವಲ್ಲ?" ಎಂದು ಕೆಲವರು ಕೇಳುತ್ತಾರೆ. ನಿಜ, ಅದು ಭೇದಿಯನ್ನು ಕೂಡಲೇ ನಿಲ್ಲಿಸುವ ಮದ್ದಲ್ಲ. ಹೋದ ನೀರನ್ನೂ ಲವಣವನ್ನೂ ತುಂಬಿಕೊಡುವುದು ಅದರ ಕೆಲಸ. ಸೋರುವ ಕೊಡಕ್ಕೆ ನೀರು ತುಂಬುತ್ತಲೇ ಇದ್ದರೆ ಕೊಡ ಬರಿದಾಗದು. ಅಷ್ಟರಲ್ಲಿ ದೇಹ ರೋಗಾಣುಗಳನ್ನು ಹೊರಹಾಕುತ್ತದೆ. ಹೆಚ್ಚಿನ ಭೇದಿಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಅಲ್ಲಿಯವರೆಗೆ ಪ್ರಾಣ ಉಳಿಯಬೇಕು, ಅಷ್ಟೇ.

"ಗ್ಲೂಕೋಸ್ ಬಾಟಲಿ ಹಾಕಿಸಿದರೆ ಬೇಗ ಗುಣ" ಎಂಬುದು ಇನ್ನೊಂದು ನಂಬಿಕೆ. ಮಗು ಕುಡಿಯುವ ಸ್ಥಿತಿಯಲ್ಲಿ ಇಲ್ಲದಿದ್ದಾಗ ಬಾಟಲಿ ಬೇಕೇ ಬೇಕು, ಅದು ಜೀವ ಉಳಿಸುತ್ತದೆ. ಆದರೆ ಕುಡಿಯಬಲ್ಲ ಮಗುವಿಗೆ ಲೋಟದಲ್ಲಿ ಕೊಟ್ಟ ದ್ರಾವಣವೇ ಸಾಕು. ಬಾಟಲಿಗಾಗಿ ಪಟ್ಟಣಕ್ಕೆ ಬಸ್ಸು ಹಿಡಿಯುವ ಹೊತ್ತಿನಲ್ಲಿ ಮಗು ಎಷ್ಟು ನೀರು ಕಳೆದುಕೊಳ್ಳುತ್ತದೆ, ಯೋಚಿಸಿ. ಹತ್ತು ಕಿಲೋಗ್ರಾಂ ತೂಗುವ ಮಗು ಒಂದು ಲೀಟರ್ ಕಳೆದುಕೊಂಡರೆ, ಅದರ ತೂಕದ ಹತ್ತನೇ ಒಂದು ಭಾಗ ಹೋದಂತೆ. ಅದು ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊದಲ ಭೇದಿಯಿಂದಲೇ ಮನೆಯಲ್ಲಿ ಕುಡಿಸಲು ಆರಂಭಿಸಬೇಕು.

"ಅಂಗಡಿಯ ಸಿಹಿ ಪಾನೀಯ ಕೊಟ್ಟರೆ ಆಗದೇ?" ಆಗದು. ಒಂದು ಆಲೂಗೆಡ್ಡೆಯನ್ನು ಅರ್ಧಕ್ಕೆ ಕತ್ತರಿಸಿ, ಎರಡೂ ಹೋಳುಗಳಲ್ಲಿ ಗುಳಿ ಮಾಡಿ. ಒಂದು ಗುಳಿಗೆ ಒಂದು ಚಮಚ ಸಕ್ಕರೆ ಹಾಕಿ, ಇನ್ನೊಂದನ್ನು ಖಾಲಿ ಬಿಡಿ. ಒಂದು ಗಂಟೆಯ ನಂತರ ನೋಡಿ. ಸಕ್ಕರೆ ಹಾಕಿದ ಗುಳಿಯಲ್ಲಿ ನೀರು ತುಂಬಿರುತ್ತದೆ. ಅತಿಯಾದ ಸಕ್ಕರೆ ಹೀಗೆಯೇ ದೇಹದ ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸಿಹಿ ಪಾನೀಯಗಳ ಮೇಲೆ ಓ.ಆರ್.ಎಸ್. ಎಂದು ಬರೆದು ಮಾರುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದದ್ದು ಎಂದು ಬರೆದಿದೆಯೇ ಎಂದು ಓದಿ ನೋಡಿ.

ಊಟವನ್ನೂ ಏಕೆ ನಿಲ್ಲಿಸಬಾರದು?

ಕಾಲರಾ ವಿಲ್ಲೈಗಳನ್ನು ಕೊಲ್ಲುವುದಿಲ್ಲ ಎಂದೆವು. ಆದರೆ ಚಿಕ್ಕ ಮಕ್ಕಳಲ್ಲಿ ಭೇದಿ ತರುವ ರೋಟಾ ವೈರಸ್ ಹಾಗಲ್ಲ. ಅದು ವಿಲ್ಲೈಗಳ ತುದಿಯ ಜೀವಕೋಶಗಳನ್ನು ಹಾಳುಮಾಡುತ್ತದೆ. ಆಗಲೂ ಸಾಕಷ್ಟು ಬಾಗಿಲುಗಳು ಉಳಿದಿರುವುದರಿಂದ ಓ.ಆರ್.ಎಸ್. ಕೆಲಸ ಮಾಡುತ್ತದೆ. ಈ ವೈರಸ್ಸಿನ ವಿರುದ್ಧ ಲಸಿಕೆಯೂ ಇದೆ. 2016ರಿಂದ ನಮ್ಮ ದೇಶದಲ್ಲಿ ಹಂತಹಂತವಾಗಿ ಶಿಶುಗಳಿಗೆ ಇದನ್ನು ಉಚಿತವಾಗಿ ಬಾಯಿಯ ಮೂಲಕ ಕೊಡಲಾಗುತ್ತಿದೆ.

ಸಣ್ಣ ಕರುಳಿಗೆ ಒಂದು ವಿಶೇಷ ಶಕ್ತಿಯಿದೆ. ಅದರ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸವು ಹುಟ್ಟುತ್ತವೆ. ಹಾಳಾದ ಗೋಡೆಯನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ. ಗೋಡೆ ಕಟ್ಟಲು ಸಾಮಾನು ಬೇಡವೇ? ಆ ಸಾಮಾನು ಆಹಾರ. "ಉಪವಾಸವೇ ಮದ್ದು" ಎಂದು ಮಗುವಿಗೆ ಊಟ ನಿಲ್ಲಿಸಿದರೆ ದುರಸ್ತಿ ತಡವಾಗುತ್ತದೆ. ಮಗು ಸೊರಗುತ್ತದೆ. ಸೊರಗಿದ ಮಗುವಿಗೆ ಮತ್ತೆ ಭೇದಿ ಬರುವುದು ಸುಲಭ.

ನಮ್ಮ ಅಜ್ಜಿಯರು ಕೊಡುವ ಗಂಜಿತಿಳಿಗೆ ಇಲ್ಲಿ ಗೌರವ ಸಲ್ಲಬೇಕು. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಚಿಟಿಕೆ ಉಪ್ಪು ಬೆರೆಸಿದರೆ ಜೋಡೆತ್ತು ಸಿದ್ಧ! ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ, ಬಾಳೆಹಣ್ಣು ಒಳ್ಳೆಯವು. ಎಳನೀರೂ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ಹಾಗಾಗಿ ಅದೊಂದೇ ಸಾಲದು. ಹಾಲು ಕುಡಿಯುವ ಶಿಶುವಿಗೆ ತಾಯಿಯ ಹಾಲನ್ನು ಎಂದಿಗೂ ನಿಲ್ಲಿಸಬಾರದು.

ಕೈಯಾರೆ ಮಾಡಿ ಕಲಿಯಿರಿ

ಪೊಟ್ಟಣ ಸಿಕ್ಕರೆ ಅದೇ ಉತ್ತಮ. ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅದರ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಹಾಕಬೇಕು. ಪೊಟ್ಟಣ ಇಲ್ಲದಿದ್ದರೆ ಹೀಗೆ ಮಾಡಿ:

1. ಕೈಗಳನ್ನು ಸೋಪಿನಿಂದ ತೊಳೆಯಿರಿ.
2. ಕುದಿಸಿ ಆರಿಸಿದ ಒಂದು ಲೀಟರ್ ನೀರನ್ನು ಅಳೆದು ಶುದ್ಧ ಪಾತ್ರೆಗೆ ಹಾಕಿ.
3. ಆರು ಟೀ ಚಮಚ ಸಕ್ಕರೆ ಹಾಕಿ. ಚಮಚದ ಮೇಲೆ ಗೋಪುರವಾಗದಂತೆ ಸವರಿ ಅಳೆಯಿರಿ.
4. ಅರ್ಧ ಟೀ ಚಮಚ ಉಪ್ಪು ಹಾಕಿ, ಕರಗುವವರೆಗೆ ಕಲಕಿ.
5. ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಹೊಸದಾಗಿ ಮಾಡಿ. ಹೆಚ್ಚು ಉಪ್ಪು ಮಗುವಿಗೆ ಅಪಾಯ.
6. ಮುಚ್ಚಿಡಿ. 24 ಗಂಟೆಗಳ ನಂತರ ಉಳಿದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಕುಡಿಸಬೇಕು. ಜೊತೆಗೆ ಆರೋಗ್ಯ ಕಾರ್ಯಕರ್ತರು ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ ಬಿಡದೆ, ಅವರು ಹೇಳಿದಷ್ಟು ದಿನ ಕೊಡಬೇಕು.

ಮಗು ಕುಡಿಯಲಾರದಷ್ಟು ಸುಸ್ತಾಗಿದ್ದರೆ, ಮಂಕಾಗಿ ಮಲಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯಲ್ಲಿಯೂ, ಮಗುವಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.

ನನ್ನ ಕೋರಿಕೆ

ಜೀರ್ಣಾಂಗ ವ್ಯೂಹದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ನಿಮಗೆಲ್ಲ ಬರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ಸಿಗುತ್ತವೆ. ಆದರೆ ಸಣ್ಣ ಕರುಳಿನ ಪಾಠ ಅಲ್ಲಿಗೆ ಮುಗಿಯಬಾರದು. ಆರು ಮತ್ತು ಏಳನೇ ತರಗತಿಯ ಪ್ರತಿಯೊಬ್ಬರೂ ಒಮ್ಮೆಯಾದರೂ ಒಂದು ಲೀಟರ್ ನೀರು ಅಳೆದು, ಚಮಚ ಸವರಿ, ಈ ದ್ರಾವಣವನ್ನು ತಮ್ಮ ಕೈಯಿಂದಲೇ ಮಾಡಬೇಕು. ಮಧ್ಯಾಹ್ನದ ಬಿಸಿಯೂಟದ ಅಡುಗೆಮನೆ ಇರುವ ಶಾಲೆಯಲ್ಲಿ ಉಪ್ಪು, ಚಮಚ, ಕುದಿಸಿದ ನೀರು ಸಿಗುವುದು ಕಷ್ಟವೇನಲ್ಲ. ನಿಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ. ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ನಾಲ್ಕು ಪೊಟ್ಟಣಗಳಿವೆಯೇ, ಅವುಗಳ ಅವಧಿ ಮುಗಿದಿಲ್ಲವೇ ಎಂದೂ ನೋಡಿ.

ಮನೆಯಲ್ಲಿ ಹಿರಿಯರ ಎದುರು ವಾದ ಮಾಡಲು ನಿಮಗೆ ಹಿಂಜರಿಕೆಯಾಗಬಹುದು. ವಾದ ಬೇಡ. "ಅಜ್ಜಿ, ಭೇದಿಯಾದರೂ ಕರುಳಿನ ಒಂದು ಬಾಗಿಲು ತೆರೆದೇ ಇರುತ್ತದಂತೆ. ಉಪ್ಪು-ಸಕ್ಕರೆ ನೀರು ಅಲ್ಲಿಂದ ಒಳಗೆ ಹೋಗುತ್ತದಂತೆ. ನಾನು ಮಾಡಿಕೊಡಲಾ?" ಎಂದು ಕೇಳಿ. ಆಲೂಗೆಡ್ಡೆಯ ಪ್ರಯೋಗವನ್ನು ಅವರ ಎದುರಿಗೇ ಮಾಡಿ ತೋರಿಸಿ. ಬನಗಾಂವ್‌ನಲ್ಲಿ ಲೋಟ ಹಿಡಿದು ಜೀವ ಉಳಿಸಿದವರಲ್ಲಿ ಹೆಚ್ಚಿನವರು ರೋಗಿಗಳ ಮನೆಯವರೇ. ಹೇಗೆ, ಎಷ್ಟು ಕುಡಿಸಬೇಕೆಂದು ಅವರಿಗೆ ಒಬ್ಬರು ತಿಳಿಸಿಕೊಟ್ಟಿದ್ದರು. ನಿಮ್ಮ ಮನೆಯಲ್ಲಿ ಹಾಗೆ ತಿಳಿಸಿಕೊಡುವವರು ನೀವೇ ಆಗಬಹುದು.